ಸ್ಟ್ಯಾಂಡಿನವನು ಕಂಡ ಸಿನಿಮಾ

ಯುಗಾದಿಯ ಮಾರನೇ ದಿನ, ಹೊಸತೊಡಕು.
ಅರಸೀಕೆರೆಯ ಅರ್ಧ ಊರು
ಬೆರಳ ಸಂದಿಯ ಮಸಾಲೆ ವಾಸನೆ ಹೊತ್ತುಕೊಂಡೇ
ಮ್ಯಾಟ್ನಿಗೆ ಬಂದಿತ್ತು.
ಚಿತ್ರದ ಹೆಸರು ‘ಬಾಡೂಟಕ್ಕೆ ಬಂದವರು’.
ದೆವ್ವಗಳೆಲ್ಲ ಕೂಡಿ ಹೊಸತೊಡಕು ಮಾಡುತ್ತವಂತೆ,
ಹೆದರಿಸುತ್ತವಂತೆ, ನಗಿಸುತ್ತವಂತೆ.

ಅಂತೆ ಅನ್ನುತ್ತೇನೆ. ನಾನು ನೋಡಿಲ್ಲ.
ಹತ್ತೊಂಬತ್ತು ವರ್ಷದಿಂದ ಈ ಟಾಕೀಸಿನ ಗೋಡೆಯಾಚೆ
ಗಾಡಿ ನಿಲ್ಲಿಸಿಕೊಂಡು ಚೀಟಿ ಹರಿಯುವವನು.
ಒಳಗಿನ ಕಿರುಚಾಟ ನನಗೆ ಬರೀ ತಗಡಿನ ನಡುಕ.
ಅದೂ ಹುಬ್ಬಳ್ಳಿ ರೈಲು ಬಂದುಬಿಟ್ಟರೆ
ಯಾವುದು ದೆವ್ವ ಯಾವುದು ಇಂಜಿನ್ನು, ತಿಳಿಯುವುದಿಲ್ಲ.
ನನ್ನ ಪಾಲಿನ ಸಿನಿಮಾ ಶುರುವಾಗುವುದು
ಆಟ ಬಿಟ್ಟ ಮೇಲೆ.

ಮೊದಲು ಹೊರಬಿದ್ದವನು ವೆಲ್ಡಿಂಗ್ ಜಬೀವುಲ್ಲಾ:
“ಇಂಟರ್‌ವಲ್ ತನಕ ಬೆಂಕಿ ಕಣಣ್ಣ, ಆಮೇಲೆ ಬರೀ ಹೊಗೆ.”
ಹಿಂದೆಯೇ ನರ್ಸಮ್ಮ ಫಿಲೋಮಿನಾ, ನಕ್ಕೂ ನಕ್ಕೂ ಕಣ್ಣೊರೆಸಿಕೊಂಡು:
“ಜಕ್ಕಿಣಿಗೆ ಬಿ.ಪಿ. ನೋಡ್ತಾರೆ, ಸೊನ್ನೆ ಬರುತ್ತೆ!
ಆ ಡಾಕ್ಟರಿಗೆ ಪಟ್ಟಿ ಸುತ್ತೋಕೆ ಮಾತ್ರ ಬರಲ್ಲ.”

ಲೈನ್‌ಮನ್ ಓಂಕಾರಿಗೆ ಸಿಟ್ಟು.
“ಒಂದು ಕೊಳ್ಳಿದೆವ್ವಕ್ಕೆ ಅಷ್ಟೊಂದು ಗ್ರಾಫಿಕ್ಸಾ?
ಕಣಕಟ್ಟೆ ಬಯಲಲ್ಲಿ ಫ್ಯೂಸು ಹಾಕೋಕೆ
ರಾತ್ರಿ ಬ್ಯಾಟರಿ ಹಿಡ್ಕೊಂಡು ನಾನು ಹೋದ್ರೆ ಸಾಕು,
ಮೂರು ಹಳ್ಳಿ ಬಾಗಿಲು ಹಾಕ್ಕೋತವೆ.
ನನ್ನ ಕೇಳಿದ್ರೆ ಪುಕ್ಕಟೆ ಮಾಡಿಕೊಡ್ತಿದ್ದೆ.”

ಕಾಲೇಜಿನ ಇಬ್ಬರು ಹುಡುಗರು,
ಒಬ್ಬನದು ಐದಕ್ಕೆ ನಾಲ್ಕು, ಇನ್ನೊಬ್ಬನದು ಒಂದೂವರೆ,
ಕತ್ತಿನ ಪಟ್ಟಿ ಹಿಡಿಯುವಷ್ಟು ಜಗಳ,
ಹೋದದ್ದು ಒಂದೇ ಗಾಡಿಯಲ್ಲಿ.

ಗಂಡಸಿಯ ಮುದ್ದಮ್ಮ
ಮೊಮ್ಮಗನ ಹೆಗಲು ಹಿಡಿದು ಮೆಟ್ಟಿಲಿಳಿದಳು:
“ಕಾಲು ಹಿಂದುಮುಂದು ಮಾಡವ್ರೆ, ಅದು ಸರಿ.
ಆದ್ರೆ ಸಾರಿಗೆ ಉಪ್ಪು ಸಾಲದು ಅಂತ ಎಲ್ಲಾದ್ರೂ ದೆವ್ವ ಕೇಳುತ್ತಾ?
ಉಪ್ಪು ಕಂಡ್ರೆ ಓಡೋ ಜಾತಿ ಅದು!
ಅಲ್ಲಿಂದಾಚೆಗೆ ನಂಗೆ ಭಯಾನೇ ಬರ್ನಿಲ್ಲ.”
ಮೊಮ್ಮಗ ತುಟಿ ಬಿಚ್ಚಲಿಲ್ಲ.
ಅವನ ಅಭಿಪ್ರಾಯ ಅವನ ಚಡ್ಡಿಯಲ್ಲಿತ್ತು.

ಕೊನೆಗೆ ವಿಜ್ಞಾನದ ಮೇಷ್ಟ್ರು ಕಾಳೇಗೌಡರು,
ಹೆಲ್ಮೆಟ್ಟಿನೊಳಗಿಂದಲೇ:
“ಲಾಜಿಕ್ಕೇ ಇಲ್ಲ ಕಣಯ್ಯಾ.
ಬಾಡಿನ ಡಬ್ಬಿಗೆ ಇದ್ದಿಲ ಚೂರು ಹಾಕಿದ್ರೆ
ದೆವ್ವ ಬೆನ್ನು ಹತ್ತಲ್ವಂತೆ!
ಜನ ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ,
ಬೇರೆ ಕಾರಣಕ್ಕೆ.”

ಹೌದು ಸಾರ್, ಅಂದೆ.
ಅವರ ಗಾಡಿಯನ್ನು ನೆರಳಿಗೆಳೆದವನು ನಾನೇ.
ಹ್ಯಾಂಡಲಿಗೆ ತೂಗಿದ ಚೀಲ,
ಚೀಲದಲ್ಲಿ ಮಾವನ ಮನೆಯ ಸ್ಟೀಲ್ ಡಬ್ಬಿ,
ಮುಚ್ಚಳದ ಮೇಲೆ ಪೇಪರು ಸುತ್ತಿದ ಇದ್ದಿಲು.
ಒಂದಲ್ಲ, ಎರಡು.
ಅವರದೊಂದೇ ಏನಲ್ಲ. ಬಾಣಾವರದ ಗಾಡಿ, ಜಾವಗಲ್ಲಿನ ಗಾಡಿ,
ತೂಗುವ ಚೀಲದಲ್ಲೆಲ್ಲ ಕಪ್ಪು ಚೂರು,
ಇಲ್ಲವೇ ಮೊಳೆ, ಇಲ್ಲವೇ ಒಣಮೆಣಸಿನಕಾಯಿ.
ಓಂಕಾರಿಯ ಬುತ್ತಿಯಲ್ಲಿ
ಒಂದು ಗೇಣು ಫ್ಯೂಸು ತಂತಿ.

ಆವತ್ತು ನಾನು ನಗಲಿಲ್ಲ.
ಚೀಟಿ ಇಸಕೊಂಡೆ, ಗಾಡಿ ಕೊಟ್ಟೆ.

ಸೆಕೆಂಡ್ ಶೋ ಬಿಟ್ಟಾಗ ಒಂದು ಗಂಟೆ.
ಸಂಜೆ ಈರಮ್ಮ ಕಳಿಸಿದ್ದ ಡಬ್ಬಿ
ನಲ್ಲಿಯಲ್ಲಿ ತೊಳೆದೆ. ತಳದ ಬಟ್ಟೆಯಲ್ಲಿ
ಅದೂ ಇತ್ತು, ಹುಣಸೆಬೀಜದಷ್ಟು.
ಎಸೆಯಲು ಕೈ ಎತ್ತಿದೆ.
ರೈಲ್ವೆ ಗೇಟಿನಾಚೆ ಬೀದಿದೀಪ ಕೆಟ್ಟು ತಿಂಗಳಾಗಿದೆ.
ಖಾಲಿ ಡಬ್ಬಿಗೆ ಯಾವ ದೆವ್ವ ಬರುತ್ತದೆ, ಅಂದುಕೊಂಡೆ.
ಅಂದುಕೊಂಡು, ಪೆಡಲು ತುಳಿದೆ.

ಮನೆಯಲ್ಲಿ ಕೇಳಿದಳು, ಸಿನಿಮಾ ಹೆಂಗಿದೆ ಅಂತಪ್ಪಾ?
ಇಂಟರ್‌ವಲ್ ತನಕ ಬೆಂಕಿ, ಅಂದೆ.
ಉಪ್ಪಿನ ವಿಷಯ ಹೇಳಿದೆ, ನಕ್ಕಳು.

ಅಂಗಿಯ ಜೇಬಿನ ಕರಿ ಇನ್ನೂ ಹೋಗಿಲ್ಲ.
ಎರಡು ಸಲ ತಿಕ್ಕಿದಳು.
ಏನಿದು ಅಂತ ಮಾತ್ರ ಕೇಳಲಿಲ್ಲ.